ರಿಪೋರ್ಟು ಹಸಿರಾಗಿದೆ, ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ವಯಸ್ಸು 38. ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ ತಲೆನೋವು ಹಿಡಿಯಿತು. ಕುತ್ತಿಗೆ ಬಿಗಿತ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಬಾಚಣಿಗೆ ತಾಗಿದರೂ ನೆತ್ತಿಯಲ್ಲಿ ನೋವು. ಊರಿನ ಡಾಕ್ಟರು ಮೈಗ್ರೇನ್ ಇರಬೇಕು ಅಂದರು. ಐದನೇ ದಿನ ಹಾಜರಿ ಪುಸ್ತಕದ ಗೆರೆಗಳು ಅಲೆಅಲೆಯಾಗಿ ಕಂಡವು, ಸಂಜೆ ಹೊತ್ತಿಗೆ ಮಕ್ಕಳ ಹೆಸರೇ ಓದಲಾಗಲಿಲ್ಲ. ಎರಡೂ ಕಣ್ಣು ಒಟ್ಟಿಗೇ ಹೀಗಾಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಓಸಿಟಿ ಸ್ಕ್ಯಾನ್ ಮಾಡಿದರು, ಕೈಗೆ ಹಳದಿ ಡೈ ಕೊಟ್ಟು ಫೋಟೊ ತೆಗೆದರು. ‘ವಿಕೆಎಚ್ ಅಂತ, ಪರದೆಯ ಅಡಿ ನೀರು ತುಂಬಿದೆ’ ಎಂದು ಹೇಳಿ ಮೂರು ದಿನ ಡ್ರಿಪ್‌ನಲ್ಲಿ ಸ್ಟೀರಾಯ್ಡ್ ಕೊಟ್ಟರು. ಆಮೇಲೆ ದಿನಕ್ಕೆ 60 ಮಿಲಿಗ್ರಾಂ ಮಾತ್ರೆ, ಈಗ 40ಕ್ಕೆ ಇಳಿಸಿದ್ದಾರೆ.

ಒಂದು ತಿಂಗಳಾದ ಮೇಲೆ ಮಾಡಿದ ಸ್ಕ್ಯಾನಿನಲ್ಲಿ ನೀರು ಪೂರ್ತಿ ಹೋಗಿದೆ. ಮೊದಲು 612 ಇದ್ದದ್ದು 248 ಆಗಿದೆ, ರಿಪೋರ್ಟಿನ ಚಕ್ರದಲ್ಲಿ ಎಲ್ಲ ಮನೆಯೂ ಹಸಿರು. ಆದರೂ ಡಾಕ್ಟರು ಇನ್ನೂ ಆರೇಳು ತಿಂಗಳು ಮಾತ್ರೆ ನುಂಗಬೇಕು ಅನ್ನುತ್ತಾರೆ. ನನ್ನ ಮುಖ ಬುಂಡೆಯ ಹಾಗೆ ಊದಿದೆ, ನಿದ್ದೆ ಇಲ್ಲ, ಶುಗರ್ ಕೂಡ ಏರಿದೆ. ‘ರಿಪೋರ್ಟೇ ಸರಿ ಇದೆ ಅಂದಮೇಲೆ ಆ ವಿಷ ಯಾಕೆ’ ಅಂತ ನಮ್ಮನೆಯವರು. ನಂದಿಬಟ್ಟಲು ಹೂ ನೆನೆಸಿದ ನೀರು ಕಣ್ಣಿಗೆ ಬಿಟ್ಟರೆ ಸಾಕು ಅಂತ ಅತ್ತೆ. ನಾಲ್ಕು ದಿನದಿಂದ ನಾನು ಮಾತ್ರೆ ನುಂಗಿಲ್ಲ. ಎಡಗಣ್ಣಿನ ರೆಪ್ಪೆಯಲ್ಲಿ ನಾಲ್ಕೈದು ಕೂದಲು ಬೆಳ್ಳಗಾಗಿವೆ, ಇದು ತೊನ್ನಾ? ನನ್ನ ಮಗಳಿಗೂ ಬರುತ್ತಾ? ಎರಡು ರಿಪೋರ್ಟಿನ ಫೋಟೊ ಕಳಿಸಿದ್ದೇನೆ. (ಹೆಸರು ಬೇಡ, ದಾವಣಗೆರೆ ಜಿಲ್ಲೆ)

ಉತ್ತರ: ಟೀಚರೇ, ಪತ್ರದ ಕೆಳಗೆ ಫೋನ್ ನಂಬರ್ ಬರೆದಿದ್ದಿರಿ, ಅದು ಒಳ್ಳೆಯದಾಯಿತು. ಅಂಕಣ ಅಚ್ಚಾಗಿ ನಿಮ್ಮ ಕೈ ಸೇರಲು ಎರಡು ವಾರ ಬೇಕು, ನಿಮ್ಮ ವಿಷಯ ಅಷ್ಟು ದಿನ ಕಾಯುವಂಥದ್ದಲ್ಲ. ಹೇಳಲೇಬೇಕಾದ ಮಾತನ್ನು ಅವತ್ತೇ ಫೋನಿನಲ್ಲಿ ಹೇಳಿದೆ. ನೀವು ಮರುದಿನವೇ ಡಾಕ್ಟರನ್ನು ಕಂಡು ಬಂದಿರಿ, ಮಾತ್ರೆ ಮತ್ತೆ ಶುರುವಾಗಿದೆ. ಆದರೆ ಇದೇ ಸ್ಥಿತಿಯಲ್ಲಿರುವ ಬೇರೆಯವರೂ ಈ ಪುಟ ಓದುತ್ತಾರೆ, ಆದ್ದರಿಂದ ಅದೇ ಮಾತನ್ನು ಮತ್ತೊಮ್ಮೆ ಬರೆಯುತ್ತೇನೆ. ಮೂರು ವಾರಕ್ಕಿಂತ ಹೆಚ್ಚು ದಿನ ಸ್ಟೀರಾಯ್ಡ್ ಮಾತ್ರೆ ನುಂಗಿದವರು ಅದನ್ನು ತಟ್ಟನೆ ನಿಲ್ಲಿಸಬಾರದು. ಮೂತ್ರಪಿಂಡದ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಒಂದಿಷ್ಟು ಸ್ಟೀರಾಯ್ಡನ್ನು ತಾವೇ ತಯಾರಿಸುತ್ತವೆ. ಹೊರಗಿನಿಂದ ಧಾರಾಳವಾಗಿ ಬರತೊಡಗಿದರೆ ಅವು ಕೆಲಸ ಬಿಟ್ಟು ಮಲಗಿಬಿಡುತ್ತವೆ. ಮಾತ್ರೆ ಒಮ್ಮೆಲೇ ನಿಂತರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿತ, ಕೆಲವೊಮ್ಮೆ ಜೀವಕ್ಕೇ ಅಪಾಯ. ಸ್ವಲ್ಪಸ್ವಲ್ಪವೇ ಇಳಿಸುವುದರ ಅರ್ಧ ಕಾರಣ ಇದು. ಉಳಿದರ್ಧ ಕಾರಣ ನಿಮ್ಮ ಕಣ್ಣೊಳಗಿದೆ.

ಈಗ ಆ ಹಸಿರಿನ ವಿಚಾರ. ನೀವು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರು, ಬೇಗ ಅರ್ಥವಾಗುತ್ತದೆ. ಓಸಿಟಿ ಯಂತ್ರ ಒಂದೇ ಒಂದು ವಿಷಯಕ್ಕೆ ಅಂಕ ಕೊಟ್ಟಿದೆ: ರೆಟಿನಾ, ಅಂದರೆ ನಿಮ್ಮ ಪಠ್ಯಪುಸ್ತಕದ ಅಕ್ಷಿಪಟಲ, ಎಷ್ಟು ದಪ್ಪ ಇದೆ ಎಂಬುದಕ್ಕೆ. ಆರೋಗ್ಯವಂತರ ಅಳತೆಗಳನ್ನು ಅದರೊಳಗೆ ತುಂಬಿಟ್ಟಿರುತ್ತಾರೆ, ನಿಮ್ಮದು ಆ ಸಾಲಿಗೆ ಹೊಂದಿದರೆ ಮನೆ ಹಸಿರಾಗುತ್ತದೆ. ‘ಕಾಯಿಲೆ ವಾಸಿ’ ಎಂದು ಹಸಿರು ಹೇಳುವುದಿಲ್ಲ, ಹೇಳುವ ಶಕ್ತಿಯೂ ಅದಕ್ಕಿಲ್ಲ. ಹಾಗೆಂದು ಓದಿಕೊಂಡರೆ, ಗಣಿತದಲ್ಲಿ ಪಾಸಾದ ಹುಡುಗನನ್ನು ಎಲ್ಲ ವಿಷಯದಲ್ಲೂ ಪಾಸು ಅಂತ ಮುಂದಿನ ತರಗತಿಗೆ ಹಾಕಿದ ಹಾಗಾಗುತ್ತದೆ. ನಿಮ್ಮ ಕಾಯಿಲೆಯ ವಿಷಯ ಬೇರೆಯೇ ಇದೆ. ಅದು ಹುಟ್ಟಿದ್ದು ರೆಟಿನಾದಲ್ಲಲ್ಲ, ಅದರ ಬೆನ್ನಿಗಿರುವ ಪದರದಲ್ಲಿ.

ಮಳೆಗಾಲದಲ್ಲಿ ಹಳೆಯ ಮನೆಯ ಗೋಡೆ ನೋಡಿದ್ದೀರಲ್ಲ, ಸುಣ್ಣ ಬುಳಬುಳನೆ ಉಬ್ಬಿಕೊಂಡು ನಿಲ್ಲುತ್ತದೆ. ಉಬ್ಬಿದ್ದು ಸುಣ್ಣ, ನೀರು ಕುಡಿದದ್ದು ಹಿಂದಿನ ಗೋಡೆ. ನಿಮ್ಮ ಮೊದಲ ಸ್ಕ್ಯಾನಿನಲ್ಲಿ ಕಾಣುವುದು ಅದೇ. ಮೇಲಿನ ಪದರ ಅಲ್ಲಲ್ಲಿ ಎದ್ದು ನಿಂತಿದೆ, ಅಡಿಯಲ್ಲಿ ಕಪ್ಪು ಕೊಳಗಳು, ಕೊಳಗಳ ನಡುವೆ ಜೇಡನ ಎಳೆಯಂಥ ತೆಳು ಅಡ್ಡಗೋಡೆಗಳು. ಕೊಳದ ತಳ ಕೂಡ ಸಪಾಟಾಗಿಲ್ಲ, ಮಡಿಕೆ ಬಿದ್ದ ಹಾಸಿಗೆಯ ಹಾಗೆ ಏರಿಳಿದಿದೆ. ವಿಕೆಎಚ್ ಗುರುತು ಹಿಡಿಯಲು ನಮಗೆ ಹೆಚ್ಚು ನೆರವಾಗುವುದು ಈ ಅಡ್ಡಗೋಡೆಗಳು ಮತ್ತು ಈ ಮಡಿಕೆ. ಹಾಜರಿ ಪುಸ್ತಕದ ಗೆರೆ ನಿಮಗೆ ಬಾಗಿ ಕಂಡದ್ದೂ ಇದರಿಂದಲೇ, ಬಾಗಿದ್ದು ಪುಸ್ತಕದ ಗೆರೆಯಲ್ಲ, ಅದನ್ನು ನೋಡುವ ಪರದೆ. 612 ಎಂದಿರುವುದು ಮೈಕ್ರಾನ್ ಲೆಕ್ಕ. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರ್. ನಟ್ಟನಡುವೆ ಕಾಲು ಮಿಲಿಮೀಟರಿನಷ್ಟಿರಬೇಕಾದದ್ದು ಎರಡೂವರೆ ಪಟ್ಟು ಉಬ್ಬಿತ್ತು ಎಂದು ಅರ್ಥ.

ಹಿಂದಿನ ಗೋಡೆ ಅಂದೆನಲ್ಲ, ಅದರ ಹೆಸರು ಕೋರಾಯ್ಡ್. ರಕ್ತನಾಳಗಳೇ ಹೆಣೆದುಕೊಂಡ, ಬಣ್ಣದ ಕಣಗಳು ತುಂಬಿದ ಪದರ. ಆ ಬಣ್ಣಕ್ಕೆ ಮೆಲನಿನ್ ಅನ್ನುತ್ತಾರೆ. ಮೆಲನಿನ್ ತಯಾರಿಸುವ ಜೀವಕೋಶಗಳನ್ನು ನಮ್ಮದೇ ದೇಹದ ರಕ್ಷಣಾ ಪಡೆ ಶತ್ರುವೆಂದು ತಪ್ಪು ತಿಳಿದು ಮುತ್ತಿಗೆ ಹಾಕುವುದೇ ವಿಕೆಎಚ್. ಆ ಕೋಶಗಳು ಕಣ್ಣಿನಲ್ಲಷ್ಟೇ ಅಲ್ಲ, ಒಳಗಿವಿಯಲ್ಲಿವೆ, ಮಿದುಳಿನ ಹೊದಿಕೆಯಲ್ಲಿವೆ, ಚರ್ಮದಲ್ಲೂ ಕೂದಲ ಬುಡದಲ್ಲೂ ಇವೆ. ಈಗ ನಿಮ್ಮ ಪತ್ರದ ಮೊದಲ ನಾಲ್ಕು ಸಾಲನ್ನು ನೀವೇ ಮತ್ತೆ ಓದಿ ನೋಡಿ. ಕುತ್ತಿಗೆ ಬಿಗಿತ, ಗುಂಯ್ ಸದ್ದು, ನೆತ್ತಿಯ ನೋವು, ಆಮೇಲೆ ಕಣ್ಣು. ನಾಲ್ಕು ಕಾಯಿಲೆ ಅಲ್ಲ, ಒಂದೇ. ಊರಿನ ಡಾಕ್ಟರನ್ನು ಬೈಯಬೇಡಿ, ಕಣ್ಣು ಮಂಜಾಗುವ ಮೊದಲು ಇದನ್ನು ಹಿಡಿಯುವುದು ಯಾರಿಗೂ ಕಷ್ಟ.

ನಿಮ್ಮ ಎರಡನೇ ಚಿತ್ರದಲ್ಲಿ ಸುಣ್ಣ ಒಣಗಿದೆ. ಬಹಳ ಸಂತೋಷದ ವಿಷಯ, ಅನುಮಾನವಿಲ್ಲ. ಗೋಡೆ ಒಣಗಿದೆಯೇ? ಅದನ್ನು ಬೇರೆಯಾಗಿಯೇ ನೋಡಬೇಕು. ಸಾಮಾನ್ಯ ಓಸಿಟಿಯ ಬೆಳಕು ಅಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಮಸುಕಾಗುತ್ತದೆ. 2008ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಸ್ಪೈಡ್ ಮತ್ತು ಜೊತೆಗಾರರು ಒಂದು ಸರಳ ಉಪಾಯ ಮಾಡಿದರು. ಯಂತ್ರವನ್ನು ಕಣ್ಣಿಗೆ ಇನ್ನೂ ಹತ್ತಿರ ತಳ್ಳಿ, ಚಿತ್ರ ತಲೆಕೆಳಗಾಗಿ ಬರುವಂತೆ ಮಾಡಿದರೆ ಆಳದ ಪದರವೇ ಸ್ಪಷ್ಟವಾಗುತ್ತದೆ. ಹೊಸ ಯಂತ್ರ ಬೇಕಿಲ್ಲ, ಈಗಿನ ಹೆಚ್ಚಿನ ಯಂತ್ರಗಳಲ್ಲಿ ಅದಕ್ಕೊಂದು ಬಟನ್ನೇ ಇರುತ್ತದೆ. ವಿಕೆಎಚ್ ಏರಿದಾಗ ಕೋರಾಯ್ಡ್ ಎಷ್ಟು ದಪ್ಪವಾಗುತ್ತದೆ ಎಂದರೆ ಎಷ್ಟೋ ಸಲ ಅದರ ತಳವೇ ಚಿತ್ರದಲ್ಲಿ ಸಿಗುವುದಿಲ್ಲ. ಮದ್ದು ಹತ್ತಿದಂತೆ ತೆಳುವಾಗುತ್ತ ಬರುತ್ತದೆ. ಸ್ಟೀರಾಯ್ಡ್ ಇಳಿಸುವಾಗ ರೆಟಿನಾ ಸಪಾಟಾಗಿಯೇ ಇದ್ದು, ಕೋರಾಯ್ಡ್ ಮಾತ್ರ ಮೆಲ್ಲಗೆ ಮತ್ತೆ ದಪ್ಪವಾಗುವುದುಂಟು. ನಿಮಗೆ ಏನೂ ಗೊತ್ತಾಗುವುದಿಲ್ಲ, ದೃಷ್ಟಿ ಚೆನ್ನಾಗಿಯೇ ಇರುತ್ತದೆ, ಹಸಿರೂ ಹಸಿರಾಗಿಯೇ ಇರುತ್ತದೆ. ‘ಇಳಿಸುವುದು ಸ್ವಲ್ಪ ಅವಸರವಾಯಿತು’ ಎಂದು ಡಾಕ್ಟರು ಎಚ್ಚರಗೊಳ್ಳುವುದು ಅಲ್ಲಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಓಸಿಟಿ ನಮ್ಮ ಕಡೆಗೆ ಬಂದಿರಲಿಲ್ಲ, ಕಣ್ಣೊಳಗೆ ಬೆಳಕು ಹಾಯಿಸಿ ಕಂಡದ್ದನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆವು. ಹೊಲಿಗೆ ಕೆಲಸದ ಒಬ್ಬ ಹೆಂಗಸಿಗೆ ಎರಡು ತಿಂಗಳಲ್ಲಿ ನೀರೆಲ್ಲ ಇಳಿಯಿತು. ಮೊದಲಿನ ಚಿತ್ರ, ಆಮೇಲಿನ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ‘ನೋಡಮ್ಮ, ವಾಸಿಯಾಯ್ತು’ ಎಂದು ಹೆಮ್ಮೆಯಿಂದ ತೋರಿಸಿದವಳು ನಾನೇ. ಮಾತ್ರೆಯ ಚೀಟಿಯನ್ನೂ ಕೊಟ್ಟಿದ್ದೆ, ನಿಜ. ಆದರೆ ಡಾಕ್ಟರು ವಾಸಿಯಾಯ್ತು ಅಂದಮೇಲೆ ಚೀಟಿ ಯಾರಿಗೆ ಬೇಕು? ಆಕೆ ಮಾತ್ರೆ ಬಿಟ್ಟರು. ಯುಗಾದಿ ಕಳೆದು ಬಂದಾಗ ಕಣ್ಣು ಕೆಂಪು, ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಂಡಿತ್ತು, ಪೊರೆ ಬೆಳೆಯುತ್ತಿತ್ತು, ಕಣ್ಣಿನ ಒತ್ತಡ ಏರಿತ್ತು. ಆಮೇಲಿನ ಎರಡು ವರ್ಷ ನಾವಿಬ್ಬರೂ ಪಟ್ಟ ಪಾಡು ನಮಗೇ ಗೊತ್ತು. ಅಂದಿನಿಂದ ಈ ಕಾಯಿಲೆಯಲ್ಲಿ ‘ವಾಸಿ’ ಎಂಬ ಮಾತನ್ನು ನಾನು ಬಾಯಿಗೆ ತಂದಿಲ್ಲ. ‘ನೀರಿಳಿದಿದೆ’ ಎಂದಷ್ಟೇ ಹೇಳುತ್ತೇನೆ.

ಆಕೆಯಲ್ಲಿ ಕಾಯಿಲೆ ಮರಳಿದ ಬಗೆಯನ್ನು ಗಮನಿಸಿ. ಮೊದಲ ಸಲ ಅದು ಹಿಂದಿನಿಂದ ಬರುತ್ತದೆ, ನೀರಾಗಿ. ಮರಳುವಾಗ ಹೆಚ್ಚಾಗಿ ಮುಂದಿನಿಂದ ಬರುತ್ತದೆ, ಪಾಪೆಯ ಸುತ್ತಿನ ಉರಿಯೂತವಾಗಿ. ಆಗ ಓಸಿಟಿ ಪೂರ್ತಿ ಚೆಂದ ಕಾಣಬಹುದು! ಅದಕ್ಕೇ ಡಾಕ್ಟರು ನಿಮ್ಮ ಗಲ್ಲವನ್ನು ಸ್ಟ್ಯಾಂಡಿನ ಮೇಲೆ ಇಡಿಸಿ ತೆಳು ಬೆಳಕಿನಲ್ಲಿ ಕಣ್ಣನ್ನು ಎರಡು ನಿಮಿಷ ನೋಡುವುದು. ಸ್ಕ್ಯಾನ್ ಸೆಂಟರಿಗೆ ನೇರ ಹೋಗಿ ಚಿತ್ರ ಮಾತ್ರ ತೆಗೆಸಿಕೊಂಡು ಬರುವವರಿದ್ದಾರೆ, ಅವರಿಗೆ ಈ ಪರೀಕ್ಷೆ ತಪ್ಪಿಹೋಗುತ್ತದೆ. ಆರು ತಿಂಗಳಿಗಿಂತ ಮೊದಲೇ ಮದ್ದು ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದು ಹಲವು ದೇಶಗಳ ವೈದ್ಯರ ಅನುಭವ. ನಿಮ್ಮ ಡಾಕ್ಟರು ಹೇಳಿದ ಆರೇಳು ತಿಂಗಳು ಅವರು ಸುಮ್ಮನೆ ಎಳೆದ ಗೆರೆ ಅಲ್ಲ.

ಡೈ ಟೆಸ್ಟಿನ ಬಗ್ಗೆ ನಿಮ್ಮ ಫೋನಿನ ಮಾತಿನಲ್ಲಿ ಭಯವಿತ್ತು: ಮೈ ಹಳದಿಯಾಯಿತು, ಮೂತ್ರ ಹಳದಿ ಹೋಯಿತು, ಮತ್ತೆ ಮಾಡಿಸಿದರೆ ಲಿವರ್ ಕೆಡುತ್ತದಾ ಅಂತ. ಇಲ್ಲ. ಅದು ಕಾಮಾಲೆಯ ಹಳದಿ ಅಲ್ಲ, ಫ್ಲೋರೆಸೀನ್ ಎಂಬ ಬಣ್ಣ. ಚರ್ಮದಿಂದ ಕೆಲವು ಗಂಟೆಗಳಲ್ಲಿ, ಮೂತ್ರದಿಂದ ಒಂದೆರಡು ದಿನದಲ್ಲಿ ಹೋಗುತ್ತದೆ. ಕೆಲವರಿಗೆ ಆ ಕ್ಷಣ ಓಕರಿಕೆ ಬರುತ್ತದೆ, ಬಹಳ ಅಪರೂಪಕ್ಕೆ ತೀವ್ರ ಅಲರ್ಜಿ ಆಗುವುದುಂಟು, ಹಿಂದೆ ತುರಿಕೆ ದದ್ದು ಎದ್ದಿದ್ದರೆ ಮೊದಲೇ ಹೇಳಬೇಕು. ಈ ಪರೀಕ್ಷೆಯನ್ನು ಹುಡುಕಿದವರು ದೊಡ್ಡ ಪ್ರೊಫೆಸರುಗಳಲ್ಲ, ಅಮೆರಿಕದ ಇಂಡಿಯಾನಾಪೊಲಿಸ್‌ನ ಇಬ್ಬರು ಮೆಡಿಕಲ್ ವಿದ್ಯಾರ್ಥಿಗಳು, ನೊವಾಟ್ನಿ ಮತ್ತು ಆಲ್ವಿಸ್. ಮೊದಲ ಸೂಜಿ ಚುಚ್ಚಿಸಿಕೊಂಡದ್ದು ಅವರಲ್ಲೇ ಒಬ್ಬನಾದ ಆಲ್ವಿಸ್. ಕಣ್ಣಿನ ಪತ್ರಿಕೆಗಳು ಅವರ ಲೇಖನವನ್ನು ಬೇಡ ಅಂದವು, 1961ರಲ್ಲಿ ಅದು ಅಚ್ಚಾದದ್ದು ಹೃದಯದ ಕಾಯಿಲೆಗಳ ಪತ್ರಿಕೆಯೊಂದರಲ್ಲಿ. ಇವತ್ತಿಗೂ ಕೈಯ ನರಕ್ಕೆ ಬಿಟ್ಟ ಬಣ್ಣ ಹತ್ತು ಹದಿನೈದು ಸೆಕೆಂಡಿನಲ್ಲಿ ಕಣ್ಣಿಗೆ ತಲುಪುವುದನ್ನು ನೋಡಿದರೆ ನನಗೆ ಬೆರಗು.

ನಿಮ್ಮ ಡೈ ಚಿತ್ರವನ್ನು ಮತ್ತೊಮ್ಮೆ ತೆಗೆದು ನೋಡಿ. ಮೊದಲ ನಿಮಿಷಗಳಲ್ಲಿ ಕತ್ತಲ ಆಕಾಶದಲ್ಲಿ ಚುಕ್ಕಿ ಚೆಲ್ಲಿದ ಹಾಗಿದೆ. ಒಂದೊಂದು ಚುಕ್ಕಿಯೂ ಒಂದೊಂದು ಸೋರುವ ತೂತು. ಕೊನೆಯ ಚಿತ್ರಗಳಲ್ಲಿ ಚುಕ್ಕಿಗಳೆಲ್ಲ ಸೇರಿ ಹೊಳೆಯುವ ಕೆರೆಗಳಾಗಿವೆ. ಮದ್ದಿನ ನಂತರ ಇದು ಮಾಯವಾಗುತ್ತದೆ, ಈ ಪರೀಕ್ಷೆಯನ್ನು ಮತ್ತೆಮತ್ತೆ ಮಾಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಹಸಿರು ಡೈ, ಐಸಿಜಿ ಎಂದು ಇನ್ನೊಂದಿದೆ, ಕೋರಾಯ್ಡನ್ನೇ ತೋರಿಸುವುದು ಅದು. ಉರಿಯೂತ ಇರುವ ಜಾಗಗಳು ಅದರಲ್ಲಿ ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ. ಹೊರಗೆ ಎಲ್ಲ ಶಾಂತವಾದ ಮೇಲೂ ಆ ಚುಕ್ಕಿಗಳು ಉಳಿದಿರುವುದನ್ನು ನೋಡಿದ್ದೇವೆ. ಡಾಕ್ಟರು ಅದನ್ನು ಮಾಡಿಸೋಣ ಅಂದರೆ ‘ದುಡ್ಡಿಗೆ’ ಎಂದು ಅನುಮಾನಿಸಬೇಡಿ. ಎಲ್ಲ ಊರಲ್ಲೂ ಅದು ಸಿಗುವುದಿಲ್ಲ. ಓಸಿಟಿಗಂತೂ ಸೂಜಿಯೂ ಇಲ್ಲ, ಎಕ್ಸರೇಯೂ ಅಲ್ಲ, ಬರಿಯ ಬೆಳಕು, ಎಷ್ಟು ಸಲ ಮಾಡಿಸಿದರೂ ವಿಕಿರಣದ ಭಯವಿಲ್ಲ. ಮಾಡಿಸುವಾಗ ಸಾಧ್ಯವಾದರೆ ಅದೇ ಯಂತ್ರದಲ್ಲೇ ಮಾಡಿಸಿ. ಒಂದು ಕಂಪನಿಯ ಯಂತ್ರದ 248 ಇನ್ನೊಂದರಲ್ಲಿ 270 ಆಗಬಹುದು, ಆಮೇಲೆ ಕಾಯಿಲೆ ಮರಳಿತೆಂದು ನೀವು ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಕೂರುತ್ತೀರಿ.

ಇನ್ನೊಂದು ಚಿತ್ರ ಮುಂದೆ ಬರುವುದಿದೆ, ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಾಬರಿಯಾಗುತ್ತೀರಿ. ಕೆಲವು ತಿಂಗಳ ನಂತರ ಬಣ್ಣದ ಫೋಟೊ ತೆಗೆದರೆ ಕಣ್ಣಿನ ಒಳಭಾಗ ಮೊದಲಿಗಿಂತ ಕೆಂಪಗೆ ಕಾಣಬಹುದು. ಇದು ಹೊಸ ಉರಿಯೂತವಲ್ಲ. ಕೋರಾಯ್ಡಿನ ಬಣ್ಣದ ಕೋಶಗಳು ಸತ್ತು, ಹಿಂದಿನ ರಕ್ತದ ಕೆಂಪು ನೇರವಾಗಿ ಕಾಣುವುದು. ಜಪಾನಿನ ವೈದ್ಯರು ಇದಕ್ಕೆ ಸಂಜೆಗೆಂಪು ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಹೆಸರು ಚೆಂದ, ವಿಷಯ ಅಷ್ಟು ಚೆಂದವಲ್ಲ: ಹೋದ ಬಣ್ಣ ಮರಳುವುದಿಲ್ಲ. ಆದರೆ ಬೇಗನೆ, ಬಲವಾಗಿ, ಸಾಕಷ್ಟು ದಿನ ಮದ್ದು ಮಾಡಿದವರಲ್ಲಿ ಅದು ಕಡಿಮೆ.

ರೆಪ್ಪೆಯ ಬಿಳಿ ಕೂದಲೂ ಇದೇ ಕತೆ. ಕೂದಲ ಬುಡದ ಬಣ್ಣದ ಕೋಶಕ್ಕೆ ಏಟು ಬಿದ್ದಿದೆ. ಚರ್ಮದಲ್ಲಿ ಬಿಳಿ ಮಚ್ಚೆ ಬಂದರೂ ಬರಬಹುದು, ಆಗ ಜನ ತೊನ್ನು ಅನ್ನುತ್ತಾರೆ, ಅನ್ನಲಿ. ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಗ್ದಾದಿನ ಕಣ್ಣಿನ ವೈದ್ಯ ಅಲಿ ಇಬ್ನ್ ಈಸಾ ಸಾವಿರ ವರ್ಷದ ಹಿಂದೆಯೇ ಕಣ್ಣಿನ ಉರಿಯೂತದ ಜೊತೆ ಕೂದಲು ಬೆಳ್ಳಗಾಗುವುದನ್ನು ಬರೆದಿಟ್ಟಿದ್ದ. 1906ರಲ್ಲಿ ಸ್ವಿಟ್ಜರ್ಲೆಂಡಿನ ಫೋಗ್ಟ್ ರೆಪ್ಪೆಯ ಬಿಳುಪನ್ನು, 1926ರಲ್ಲಿ ಜಪಾನಿನ ಹರಾಡಾ ಪರದೆಯಡಿಯ ನೀರನ್ನು, 1929ರಲ್ಲಿ ಕೊಯನಾಗಿ ಕಿವಿ, ಕೂದಲು, ಚರ್ಮ ಎಲ್ಲವನ್ನೂ ಒಟ್ಟುಗೂಡಿಸಿ ವಿವರಿಸಿದರು. ವಿ, ಕೆ, ಎಚ್ ಈ ಮೂವರ ಹೆಸರಿನ ಮೊದಲಕ್ಷರಗಳು. ನಮ್ಮಂಥ ಕಂದು ಮೈಬಣ್ಣದವರಲ್ಲಿ, ಅದರಲ್ಲೂ ಇಪ್ಪತ್ತರಿಂದ ಐವತ್ತರ ನಡುವಿನವರಲ್ಲಿ ಇದು ಹೆಚ್ಚು. ನೀವು ಮಾಡಿದ ತಪ್ಪಿನಿಂದ ಬಂದದ್ದಲ್ಲ, ಮೊಬೈಲಿನಿಂದಲೂ ಅಲ್ಲ. ಮಗಳ ಬಗ್ಗೆ ಕೇಳಿದ್ದೀರಿ: ಒಂದು ಬಗೆಯ ಆನುವಂಶಿಕ ಒಲವು ಇದೆ, ಆದರೆ ಆ ಒಲವಿರುವ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಅವಳಿಗೆ ಯಾವ ಪರೀಕ್ಷೆಯೂ ಬೇಕಿಲ್ಲ.

ಊದಿದ ಮುಖದ ವಿಷಯಕ್ಕೆ ಬರುತ್ತೇನೆ, ಅದನ್ನು ಹಗುರ ಮಾಡುವುದಿಲ್ಲ. ಕನ್ನಡಿಯಲ್ಲಿ ಬೇರೆ ಯಾರೋ ಕಂಡ ಹಾಗಾಗುವ ಸಂಕಟ ಸಣ್ಣದಲ್ಲ, ತರಗತಿಯಲ್ಲಿ ನಲವತ್ತು ಜೋಡಿ ಕಣ್ಣು ಅದನ್ನೇ ನೋಡುತ್ತಿರುವಾಗಂತೂ. ಮಾತ್ರೆ ಇಳಿದಂತೆ ಮುಖ ಮೊದಲಿನ ಹಾಗಾಗುತ್ತದೆ. ಶುಗರ್ ಏರಿದ್ದಕ್ಕೆ ಮದ್ದು ನಿಲ್ಲಿಸುವುದು ಉತ್ತರವಲ್ಲ, ಶುಗರಿಗೆ ಮದ್ದು ತೆಗೆದುಕೊಳ್ಳುವುದು ಉತ್ತರ. ಮಾತ್ರೆಯನ್ನು ಬೆಳಗಿನ ತಿಂಡಿಯಾದ ಮೇಲೆ ಒಂದೇ ಸಲ ನುಂಗಿ, ನಿದ್ದೆ ಸ್ವಲ್ಪ ಸುಧಾರಿಸುತ್ತದೆ. ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿದ್ದರೆ ಬಿಡಬೇಡಿ. ಮೊಣಕಾಲು ನೋವಿಗೆ ಅಂಗಡಿಯ ನೋವಿನ ಮಾತ್ರೆ ನೀವಾಗಿಯೇ ತರಬೇಡಿ, ಹೊಟ್ಟೆ ಹುಣ್ಣಾಗುತ್ತದೆ. ನಿಮ್ಮ ಶಾಲೆಯಲ್ಲಿ ಯಾವ ಮಗುವಿಗಾದರೂ ಸಿಡುಬಿನಂಥ ಗುಳ್ಳೆ, ಅಂದರೆ ಚಿಕನ್‌ಪಾಕ್ಸ್, ಬಂದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಸ್ಟೀರಾಯ್ಡ್ ನುಂಗುವವರಿಗೆ ಅದು ಜೋರಾಗಬಹುದು. ಶಿಕ್ಷಕರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಯಜಮಾನರಿಗೆ ‘ವಿಷ’ ಕಡಿಮೆಯಾಗಬೇಕೆಂಬ ಆಸೆ ಇದೆಯಲ್ಲ, ಅದಕ್ಕೊಂದು ಸರಿಯಾದ ದಾರಿ ಇದೆ. ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ಮೈಕೊಫಿನೊಲೇಟ್ ಎಂಬ ಮದ್ದುಗಳಲ್ಲಿ ಒಂದನ್ನು ಜೊತೆಗೆ ಸೇರಿಸಿದರೆ ಸ್ಟೀರಾಯ್ಡನ್ನು ಹೆಚ್ಚು ಧೈರ್ಯದಿಂದ ಇಳಿಸಬಹುದು. ರಕ್ತಪರೀಕ್ಷೆ ಆಗಾಗ ಬೇಕು, ಗರ್ಭದ ಯೋಚನೆ ಇದ್ದರೆ ಮೊದಲೇ ಹೇಳಬೇಕು. ಮೆಥೊಟ್ರೆಕ್ಸೇಟ್ ಬರೆದರೆ ಒಂದು ವಿಷಯ ಕಣ್ಣಿಗೆ ಹೊಡೆಯುವ ಹಾಗೆ ಕ್ಯಾಲೆಂಡರಿನ ಮೇಲೆ ಬರೆದು ಅಂಟಿಸಿ: ಅದು ವಾರಕ್ಕೊಂದು ದಿನದ ಮದ್ದು, ದಿನವೂ ನುಂಗುವುದಲ್ಲ. ದಿನವೂ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಮುಂದಿನ ಸಲ ಹೋದಾಗ ಯಜಮಾನರನ್ನು ಒಳಗೇ ಕರೆದುಕೊಂಡು ಹೋಗಿ, ಹೊರಗೆ ಬೈಕಿನ ಹತ್ತಿರ ನಿಲ್ಲಿಸಬೇಡಿ. ‘ಎರಡನೇ ಮದ್ದು ಇವಳಿಗೆ ಬೇಕಾಗುತ್ತದಾ’ ಎಂದು ಅವರೇ ಕೇಳಲಿ.

ಅತ್ತೆಯವರ ನಂದಿಬಟ್ಟಲು ದೇವರ ಮುಡಿಗೇರಲಿ, ಕಣ್ಣಿಗೆ ಬೇಡ. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆ ನೀರು ಕಾಯಿಲೆ ಇರುವ ಜಾಗಕ್ಕೆ ತಲುಪುವುದಿಲ್ಲ, ಅದರ ಜೊತೆ ಬರುವ ಸೋಂಕು ಮಾತ್ರ, ಸ್ಟೀರಾಯ್ಡ್ ನಡೆಯುತ್ತಿರುವ ಈ ಕಾಲದಲ್ಲಿ, ಕಣ್ಣಿನ ಮುಂಭಾಗವನ್ನೇ ಕೆಡಿಸಬಹುದು.

ದಿನವೂ ಬೆಳಗ್ಗೆ ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕ ತೆಗೆದು, ಒಂದೊಂದೇ ಕಣ್ಣು ಮುಚ್ಚಿ ಗೆರೆ ನೇರವಿದೆಯೇ ನೋಡಿ. ಗೆರೆ ಬಾಗಿದರೆ, ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ಆ ಗುಂಯ್ ಸದ್ದು ಮರಳಿದರೆ ಮುಂದಿನ ತಾರೀಖಿಗೆ ಕಾಯಬೇಡಿ. ಇನ್ನು ಡಾಕ್ಟರ ಹತ್ತಿರ ಹೋದಾಗ ಕೇಳಬೇಕಾದದ್ದು ಒಂದೇ ಪ್ರಶ್ನೆ: ಕೋರಾಯ್ಡ್ ಎಷ್ಟಿದೆ, ಕಳೆದ ಸಲ ಎಷ್ಟಿತ್ತು? ನೀವು ಕಳಿಸಿದ ಎರಡು ರಿಪೋರ್ಟಿನಲ್ಲೂ ಆ ಅಂಕಿ ಇಲ್ಲ. ಅಳೆಸಿಕೊಂಡು, ತಾರೀಖಿನೊಂದಿಗೆ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ, ನನಗೂ ಒಂದು ಸಾಲು ತಿಳಿಸಿ.